‘ಡೋರ್ ಲಾಕ್ಡ್’ ಎಂದು ಮರಳಿ ಬಂದ ನೋಟಿಸು: ಬಾಡಿಗೆದಾರರಿಗೆ ಜಾರಿಯಾದಂತೆಯೇ?

ಪ್ರಶ್ನೆ: ನಾವು ಮೈಸೂರಿನಲ್ಲಿದ್ದೇವೆ. ಬೆಂಗಳೂರಿನ ವಿಜಯನಗರದಲ್ಲಿರುವ ನಮ್ಮ ಮನೆಯ ಮೊದಲನೆಯ ಮಹಡಿಯನ್ನು ತಿಂಗಳಿಗೆ 18,000 ರೂಪಾಯಿಗೆ ಬಾಡಿಗೆಗೆ ಕೊಟ್ಟಿದ್ದೆವು. 11 ತಿಂಗಳ ಕರಾರುಪತ್ರದ ಅವಧಿ ಮುಗಿದು ಎರಡು ವರ್ಷವಾಗಿದೆ; ಹೊಸ ಕರಾರು ಆಗಿಲ್ಲ, ಬಾಡಿಗೆ ಮಾತ್ರ ತಿಂಗಳು ತಿಂಗಳು ಖಾತೆಗೆ ಬರುತ್ತಿದೆ. ಮಗನ ಮದುವೆ ನಿಶ್ಚಯವಾಗಿರುವುದರಿಂದ ಈಗ ಮನೆ ನಮಗೇ ಬೇಕಾಗಿದೆ. ಕರಾರಿಗೆ ಸಹಿ ಮಾಡಿದ ಬಾಡಿಗೆದಾರರು ಕೆಲಸದ ಮೇಲೆ ಪುಣೆಗೆ ಹೋಗಿದ್ದು, ಮನೆಯಲ್ಲಿ ಅವರ ಪತ್ನಿ ಮತ್ತು ಅತ್ತೆ ಇದ್ದಾರೆ. ವಾಟ್ಸಾಪ್‌ನಲ್ಲಿ ತಿಳಿಸಿದೆವು, ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ವಕೀಲರ ಮೂಲಕ ಅಂಚೆಯಲ್ಲಿ ಕಳುಹಿಸಿದ ನೋಟಿಸು ‘ಡೋರ್ ಲಾಕ್ಡ್’ ಎಂಬ ಷರಾದೊಂದಿಗೆ ಮರಳಿದೆ. ಕೆಳಗಿನ ಮನೆಯವರು ಹೇಳುವಂತೆ ಮನೆಯಲ್ಲಿ ಜನ ಇದ್ದೇ ಇದ್ದಾರೆ. ಈ ನೋಟಿಸು ಜಾರಿಯಾದಂತೆಯೇ? ಬಾಗಿಲಿಗೆ ಅಂಟಿಸಬಹುದೇ? ಅವರ ಪತ್ನಿಯ ಕೈಗೆ ಕೊಟ್ಟರೆ ಸಾಕೇ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗಳಿಗೆ ‘ಹೌದು’ ಎಂದು ಹೇಳಲು ಕಾನೂನಿನಲ್ಲಿ ಆಧಾರವಿದೆ. ಆದರೂ ಈಗ ಮರಳಿ ಬಂದಿರುವ ಲಕೋಟೆಯೊಂದನ್ನೇ ನಂಬಿ ದಾವೆ ಹೂಡಬೇಡಿ ಎಂಬುದು ನನ್ನ ಸಲಹೆ. ಇನ್ನೊಂದು ನೋಟಿಸನ್ನು, ಈ ಬಾರಿ ಅಂಚೆ ಮತ್ತು ಖುದ್ದು ವಿತರಣೆ ಎರಡೂ ಮಾರ್ಗಗಳಲ್ಲಿ, ಪುಣೆಯ ವಿಳಾಸವನ್ನೂ ಸೇರಿಸಿ ಕಳುಹಿಸಿ. ಅದಕ್ಕೆ ತಗಲುವ ಖರ್ಚು ಕೆಲವು ನೂರು ರೂಪಾಯಿ ಮತ್ತು ಕಾಲ ಸುಮಾರು ಒಂದು ತಿಂಗಳು. ಹಳೆಯ ನೋಟಿಸಿನ ಮೇಲೆ ನಡೆಯಬಹುದಾದ ವಾದಕ್ಕೆ ತಗಲುವ ಕಾಲ ಅದಕ್ಕಿಂತ ಎಷ್ಟೋ ಹೆಚ್ಚು. ನೋಟಿಸು ಕೊಡುವುದೆಂದರೆ ಬಾಡಿಗೆದಾರರಿಗೆ ವಿಷಯ ತಿಳಿಸುವುದು ಎಂದಷ್ಟೇ ಬಹಳ ಮಾಲೀಕರು ತಿಳಿದಿರುತ್ತಾರೆ. ಅವರಿಗೆ ವಿಷಯ ತಿಳಿದಿದೆ ಎಂಬುದು ನಿಮಗೂ ಗೊತ್ತು, ಅವರಿಗೂ ಗೊತ್ತು. ಮುಂದೆ ಎಂದೋ ಒಂದು ದಿನ, ಇವರಾರನ್ನೂ ಕಂಡಿರದ ನ್ಯಾಯಾಧೀಶರ ಎದುರು ಅದನ್ನು ಕಾಗದದ ಮೇಲೆ ತೋರಿಸಲು ಸಾಧ್ಯವೇ ಎಂಬುದೇ ಇಲ್ಲಿರುವ ಪ್ರಶ್ನೆ.

ಮೊದಲು ನಿಮಗೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಕರ್ನಾಟಕ ಬಾಡಿಗೆ ಕಾಯ್ದೆ, 1999, ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇತರ ಪ್ರದೇಶಗಳಿಗೆ ಆ ಮಿತಿ 2,000 ರೂಪಾಯಿ. ಆದ್ದರಿಂದ ಇಂದಿನ ಬಹುಪಾಲು ಬಾಡಿಗೆ ಮನೆಗಳಂತೆ ನಿಮ್ಮ ಮನೆಗೂ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಅನ್ವಯಿಸುತ್ತದೆ. ಆ ಕಾಯ್ದೆಯ 107ನೇ ಕಲಮಿನ ಪ್ರಕಾರ ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರು ನೋಂದಣಿಯಾಗಲೇಬೇಕು. ನಮ್ಮಲ್ಲಿ 11 ತಿಂಗಳ ಕರಾರು ರೂಢಿಗೆ ಬಂದದ್ದು ಇದೇ ಕಾರಣಕ್ಕೆ. ಕರಾರಿನ ಅವಧಿ ಮುಗಿದಾಗ ಬಾಡಿಗೆ ಸಂಬಂಧ ತಾನಾಗಿಯೇ ಕೊನೆಗೊಳ್ಳುತ್ತದೆ, ಆಗ ಖಾಲಿ ಮಾಡಿಸಲು ಪ್ರತ್ಯೇಕ ನೋಟಿಸು ಬೇಕಿಲ್ಲ ಎಂಬುದು ನಿಜ. ಆದರೆ ಅವಧಿ ಮುಗಿದ ಮೇಲೂ ಮಾಲೀಕರು ಒಪ್ಪಿ ಬಾಡಿಗೆ ಪಡೆಯುತ್ತಾ ಹೋದರೆ, 116ನೇ ಕಲಮಿನಂತೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಗುತ್ತದೆ. ಬರಿದೇ ಬಾಡಿಗೆ ಪಡೆದ ಮಾತ್ರಕ್ಕೆ ಹಾಗೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಶಾಂತಿ ಪ್ರಸಾದ್ ದೇವಿ ಪ್ರಕರಣದಲ್ಲಿ ಹೇಳಿದೆ. ನಿಮ್ಮ ವಕೀಲರು ಆ ವಾದವನ್ನು ಕೈಯಲ್ಲಿಟ್ಟುಕೊಳ್ಳಲಿ. ಎರಡು ವರ್ಷ ಮೌನವಾಗಿ ಬಾಡಿಗೆ ಪಡೆದವರು ಅದೊಂದನ್ನೇ ಆಧರಿಸಿ ನೋಟಿಸು ಕೊಡದೆ ದಾವೆ ಹೂಡುವುದು ಮಾತ್ರ ವಿವೇಕವಲ್ಲ.

ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 106ನೇ ಕಲಮು 15 ದಿನಗಳ ನೋಟಿಸು ಬೇಕೆನ್ನುತ್ತದೆ. ಆದರೆ ಆ ಕಲಮು ‘ವ್ಯತಿರಿಕ್ತ ಕರಾರು ಇಲ್ಲದಿದ್ದಲ್ಲಿ’ ಎಂಬ ಷರತ್ತಿನೊಂದಿಗೇ ಆರಂಭವಾಗುವುದರಿಂದ, ನಿಮ್ಮ ಹಳೆಯ ಕರಾರುಪತ್ರವನ್ನು ಒಮ್ಮೆ ತೆರೆದು ನೋಡಿ. ಬೆಂಗಳೂರಿನ ಕರಾರುಗಳಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು ತಿಂಗಳ ಮುಂಗಡ ನೋಟಿಸಿನ ಷರತ್ತು ಇರುತ್ತದೆ. ಇದ್ದರೆ ಅಷ್ಟು ಕಾಲಾವಕಾಶ ಕೊಟ್ಟುಬಿಡಿ. ಕರಾರಿನ ಅವಧಿ ಮುಗಿದ ಮೇಲೆ ಆ ಷರತ್ತು ಉಳಿಯುತ್ತದೆಯೇ ಎಂಬ ಚರ್ಚೆಗೆ ಆಸ್ಪದವೇ ಇರಬಾರದು. ಬಾಡಿಗೆಯ ತಿಂಗಳು ಮುಗಿಯುವ ದಿನಕ್ಕೇ ನೋಟಿಸಿನ ಅವಧಿಯೂ ಮುಗಿಯಬೇಕು ಎಂಬ ಹಳೆಯ ನಿಯಮವೊಂದಿತ್ತು. ಒಂದು ದಿನ ಹೆಚ್ಚುಕಡಿಮೆಯಾದರೂ ಮಾಲೀಕರು ದಾವೆ ಸೋಲುತ್ತಿದ್ದರು. 2002ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿ ಆ ಕಾಟವನ್ನು ತಪ್ಪಿಸಿತು. ಈಗ ಅವಧಿಯ ಲೆಕ್ಕ ನೋಟಿಸು ಬಾಡಿಗೆದಾರರಿಗೆ ತಲುಪಿದ ದಿನದಿಂದ ಶುರುವಾಗುತ್ತದೆ. ನೋಟಿಸಿನಲ್ಲಿ ಬರೆದ ಅವಧಿ ಕಡಿಮೆಯಾಗಿದ್ದರೂ, ಕಾನೂನು ಹೇಳುವ ಪೂರ್ಣ ಅವಧಿ ಕಳೆದ ಮೇಲೆ ದಾವೆ ಹೂಡಿದ್ದರೆ, ಆ ಒಂದೇ ಕಾರಣಕ್ಕೆ ನೋಟಿಸು ಅಸಿಂಧುವಾಗುವುದಿಲ್ಲ. ಹೀಗಾಗಿ ಇಂದು ನೋಟಿಸಿನ ಒಕ್ಕಣೆಯಲ್ಲಿ ಎಡವುವವರು ಕಡಿಮೆ, ಅದು ತಲುಪಿತೆಂದು ತೋರಿಸುವಲ್ಲಿ ಎಡವುವವರೇ ಹೆಚ್ಚು.

ತಲುಪಿಸುವ ಬಗೆಯನ್ನೂ ಅದೇ 106ನೇ ಕಲಮಿನ ನಾಲ್ಕನೇ ಉಪಕಲಮು ಹೇಳುತ್ತದೆ. ನೋಟಿಸು ಲಿಖಿತವಾಗಿರಬೇಕು; ಕೊಡುವವರು ಅಥವಾ ಅವರ ಪರವಾಗಿ ಬೇರೊಬ್ಬರು ಅದಕ್ಕೆ ಸಹಿ ಮಾಡಿರಬೇಕು; ಅದನ್ನು ಬಾಡಿಗೆದಾರರಿಗೆ ಅಂಚೆಯಲ್ಲಿ ಕಳುಹಿಸಬೇಕು, ಇಲ್ಲವೇ ಅವರಿಗೆ ಖುದ್ದಾಗಿ ಕೊಡಬೇಕು, ಇಲ್ಲವೇ ಅವರ ವಾಸಸ್ಥಳದಲ್ಲಿ ಅವರ ಕುಟುಂಬದ ಒಬ್ಬರಿಗೆ ಅಥವಾ ಮನೆಗೆಲಸದವರಿಗೆ ಕೊಡಬೇಕು; ಹಾಗೆ ಕೊಡುವುದು ಕಾರ್ಯಸಾಧ್ಯವಲ್ಲದಿದ್ದರೆ ಮಾತ್ರ ಸ್ವತ್ತಿನ ಎದ್ದುಕಾಣುವ ಭಾಗಕ್ಕೆ ಅಂಟಿಸಬೇಕು. ಅಂಚೆ, ಖುದ್ದು ವಿತರಣೆ, ಕುಟುಂಬದವರಿಗೆ ವಿತರಣೆ ಇವುಗಳಲ್ಲಿ ಯಾವುದನ್ನು ಬೇಕಾದರೂ ನೀವು ಆರಿಸಿಕೊಳ್ಳಬಹುದು. ಅಂಟಿಸುವುದು ಹಾಗಲ್ಲ, ಅದಕ್ಕೆ ಮೊದಲು ಕೈಗೆ ಕೊಡಲು ಯತ್ನಿಸಿ ವಿಫಲವಾಗಿರಬೇಕು.

ಈಗ ನಿಮ್ಮ ಕೈಯಲ್ಲಿರುವ ಲಕೋಟೆಗೆ ಬರೋಣ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಮಿನಂತೆ, ಸರಿಯಾದ ವಿಳಾಸ ಬರೆದು, ಅಂಚೆ ವೆಚ್ಚ ತೆತ್ತು, ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ ದಸ್ತಾವೇಜು ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ತಲುಪಬೇಕೋ ಅಷ್ಟು ಹೊತ್ತಿಗೆ ತಲುಪಿದೆ ಎಂದೇ ಭಾವಿಸಲಾಗುತ್ತದೆ, ಹಾಗಲ್ಲವೆಂದು ಎದುರು ಪಕ್ಷ ಸಾಬೀತುಪಡಿಸುವವರೆಗೆ. ‘ರೆಫ್ಯೂಸ್ಡ್’ ಎಂಬ ಷರಾ ಬಂದಿದ್ದರೆ ಮಾಲೀಕರಿಗೆ ಅದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. 1981ರ ಹರ್‌ಚರಣ್ ಸಿಂಗ್ – ಶಿವರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲಕೋಟೆಯನ್ನು ನಿರಾಕರಿಸಿದವರಿಗೆ ನೋಟಿಸು ಜಾರಿಯಾಗಿದೆ ಎಂದಷ್ಟೇ ಅಲ್ಲ, ಅದರೊಳಗಿನ ಒಕ್ಕಣೆಯೂ ಅವರಿಗೆ ತಿಳಿದಿದೆ ಎಂದೇ ಭಾವಿಸಬೇಕು ಎಂದಿತು. ಬಾಡಿಗೆದಾರರು ಲಕೋಟೆಯನ್ನು ಒಡೆದು ಓದಿಯೇ ಇಲ್ಲ ಎಂಬ ವಾದ ಅಲ್ಲಿಗೇ ಮುಗಿಯಿತು. ನಿಮಗೆ ಬಂದ ‘ಡೋರ್ ಲಾಕ್ಡ್’ ಷರಾದ ಬಗ್ಗೆ ನೆರವಾಗುವ ಮಾತು 2007ರ ಸಿ.ಸಿ. ಅಲವಿ ಹಾಜಿ ಪ್ರಕರಣದಲ್ಲಿದೆ. ಅದು ಚೆಕ್ ಅಮಾನ್ಯದ ಪ್ರಕರಣವಾದರೂ, ನಿರಾಕರಿಸಿದ್ದಾರೆ, ಮನೆಯಲ್ಲಿಲ್ಲ, ಮನೆಗೆ ಬೀಗ ಹಾಕಿದೆ, ವಿಳಾಸದಾರರು ಊರಿನಲ್ಲಿಲ್ಲ ಎಂಬಂಥ ಷರಾಗಳೊಂದಿಗೆ ಮರಳಿದ ಅಂಚೆಯನ್ನು ಜಾರಿಯಾದದ್ದೆಂದೇ ಭಾವಿಸಬೇಕೆಂಬ ಹಿಂದಿನ ತೀರ್ಪುಗಳ ಸಾಲನ್ನು ಮೂವರು ನ್ಯಾಯಮೂರ್ತಿಗಳ ಪೀಠ ಅಲ್ಲಿ ಎತ್ತಿಹಿಡಿಯಿತು. ಹೀಗಾಗಿ ನಿಮ್ಮ ನೋಟಿಸು ಸತ್ತಿಲ್ಲ.

ಹಾಗಾದರೆ ಇನ್ನೊಂದನ್ನು ಏಕೆ ಕಳುಹಿಸಬೇಕು? ನೋಟಿಸು ತಲುಪಿದೆ ಎಂಬ ಕಾನೂನಿನ ಆ ಭಾವನೆಯನ್ನು ಎದುರು ಪಕ್ಷ ಸಾಕ್ಷ್ಯದಿಂದ ಅಲ್ಲಗಳೆಯಬಹುದು. ನಿಮ್ಮ ಪ್ರಕರಣದಲ್ಲಿ ಅದಕ್ಕೆ ಬೇಕಾದ ಸಾಕ್ಷ್ಯ ಅವರ ಬಳಿ ಸಿದ್ಧವಾಗಿಯೇ ಇದೆ. ಬಾಡಿಗೆದಾರರು ಪುಣೆಯ ಉದ್ಯೋಗದ ದಾಖಲೆಯನ್ನು ಹಾಜರುಪಡಿಸಿ, ‘ನಾನು ಆ ವಿಳಾಸದಲ್ಲಿರಲಿಲ್ಲ, ಇದು ಮಾಲೀಕರಿಗೆ ಗೊತ್ತಿತ್ತು, ಗೊತ್ತಿದ್ದೂ ಅವರು ನನ್ನ ಈಗಿನ ವಿಳಾಸಕ್ಕೆ ಒಂದು ಪ್ರತಿಯನ್ನೂ ಕಳುಹಿಸಲಿಲ್ಲ’ ಎಂದು ಹೇಳಿದರೆ ಪಾಟಿ ಸವಾಲಿನಲ್ಲಿ ನೀವು ‘ಗೊತ್ತಿತ್ತು’ ಎಂದು ಒಪ್ಪಿಕೊಳ್ಳಲೇಬೇಕಾಗುತ್ತದೆ. ಅದೇ ನೋಟಿಸು ಸಿಂಧು ಎಂದು ನ್ಯಾಯಾಲಯ ಕೊನೆಗೆ ತೀರ್ಮಾನಿಸಬಹುದು. ಆದರೆ ಆ ತೀರ್ಮಾನಕ್ಕಾಗಿ, ಬೇಕಾದರೆ ಅಂಚೆಯವರನ್ನೂ ಸಾಕ್ಷಿಕಟ್ಟೆಗೆ ಕರೆಸಿ, ನೀವು ಒಂದು ವಿವಾದಾಂಶವನ್ನೇ ನಡೆಸಬೇಕಾಗುತ್ತದೆ.

ಮರಳಿ ಬಂದ ಲಕೋಟೆಯನ್ನು ಮಾತ್ರ ಒಡೆಯಬೇಡಿ. ಒಳಗೆ ಏನಿದೆ ಎಂದು ಕುತೂಹಲಕ್ಕೆ ತೆರೆದು ನೋಡುವ ಮಾಲೀಕರೂ ಇದ್ದಾರೆ, ತಾವೇ ಕಳುಹಿಸಿದ್ದಾದರೂ! ಮುಚ್ಚಿದ ಲಕೋಟೆ, ಅದರ ಮೇಲಿನ ಅಂಚೆಯವರ ಷರಾ, ಅವರ ಚಿಕ್ಕ ಸಹಿ, ಅವರು ಬಂದುಹೋದ ದಿನಾಂಕಗಳು, ಹಿಂಬದಿಯ ಅಂಚೆ ಮುದ್ರೆ, ಇವೆಲ್ಲ ಸೇರಿ ಒಂದು ಸಾಕ್ಷ್ಯ. ಅದನ್ನು ನ್ಯಾಯಾಲಯದಲ್ಲಿ ಹಾಗೆಯೇ ಹಾಜರುಪಡಿಸಿದರೆ ಅದಕ್ಕೆ ಗುರುತು ಸಂಖ್ಯೆ ಬೀಳುತ್ತದೆ, ತೆರೆಯಬೇಕೆನಿಸಿದರೆ ನ್ಯಾಯಾಲಯವೇ ತೆರೆಯುತ್ತದೆ. ಲಕೋಟೆಯ ಮೇಲಿನ ವಿಳಾಸವನ್ನೂ ಈಗಲೇ ಪರಿಶೀಲಿಸಿ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದೇ ಮನೆಗೆ ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎರಡೂ ಇರುತ್ತವೆ. ‘ಮೊದಲನೆಯ ಮಹಡಿ’ ಎಂಬುದನ್ನು ಬಿಟ್ಟು ಬರೀ ಮನೆಯ ಸಂಖ್ಯೆ ಬರೆದಿದ್ದರೆ ಅಂಚೆಯವರು ಯಾವ ಬಾಗಿಲಿನ ಬೀಗವನ್ನು ನೋಡಿ ಷರಾ ಬರೆದರು ಎಂಬ ಪ್ರಶ್ನೆ ಏಳುತ್ತದೆ. ಅಡ್ಡರಸ್ತೆ, ಮುಖ್ಯರಸ್ತೆ, ಪಿನ್‌ಕೋಡ್ ಇವುಗಳಲ್ಲಿ ಒಂದು ತಪ್ಪಿದ್ದರೂ 27ನೇ ಕಲಮಿನ ‘ಸರಿಯಾದ ವಿಳಾಸ’ ಎಂಬ ಮೊದಲ ಷರತ್ತೇ ಅಲುಗಾಡುತ್ತದೆ. ಕರಾರುಪತ್ರದಲ್ಲಿ ಬಾಡಿಗೆದಾರರ ಸ್ವಂತ ಊರಿನ ಖಾಯಂ ವಿಳಾಸವಿದ್ದರೆ ಅಲ್ಲಿಗೂ ಒಂದು ಪ್ರತಿ ಹೋಗಲಿ.

ಅಂಚೆಯ ವಿಷಯದಲ್ಲಿ ಇತ್ತೀಚಿನ ಒಂದು ಬದಲಾವಣೆಯನ್ನು ಗಮನಿಸಬೇಕು. ಅಂಚೆ ಇಲಾಖೆಯು ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟ್ ಸೇವೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನಗೊಳಿಸಿದೆ. 27ನೇ ಕಲಮು ನೋಂದಾಯಿತ ಅಂಚೆಯ ಮಾತನಾಡುವುದರಿಂದ, ಸ್ಪೀಡ್ ಪೋಸ್ಟ್ ಮಾಡುವಾಗ ನೋಂದಣಿಯ ಹೆಚ್ಚುವರಿ ಸೇವೆಯನ್ನೂ, ತಲುಪಿದ್ದಕ್ಕೆ ಪುರಾವೆ ಕೊಡುವ ಸೇವೆಯನ್ನೂ ಕೌಂಟರಿನಲ್ಲಿ ಕೇಳಿ ಹಾಕಿಸಿಕೊಳ್ಳಿ. ಕೇಳದಿದ್ದರೆ ಬರೀ ಸ್ಪೀಡ್ ಪೋಸ್ಟ್ ರಸೀದಿ ಕೈಗೆ ಬರುತ್ತದೆ. ಹಳೆಯ ಮಾದರಿ ನೋಟಿಸುಗಳ ತಲೆಯ ಮೇಲೆ ‘ಆರ್‌ಪಿಎಡಿ ಮತ್ತು ಯುಸಿಪಿ ಮೂಲಕ’ (ಸ್ವೀಕೃತಿ ಪತ್ರ ಸಹಿತ ರಿಜಿಸ್ಟರ್ಡ್ ಪೋಸ್ಟ್, ಮತ್ತು ಅಂಚೆಗೆ ಹಾಕಿದ್ದಕ್ಕೆ ಪ್ರಮಾಣಪತ್ರ ಪಡೆಯುವ ಸಾಮಾನ್ಯ ಅಂಚೆ) ಎಂದು ಇಂದಿಗೂ ಅಚ್ಚಾಗಿ ಬರುವುದನ್ನು ನೋಡುತ್ತೇನೆ. ಯುಸಿಪಿ ಸೇವೆ 2011ರಲ್ಲೇ ನಿಂತುಹೋಗಿದೆ. ಯಾವ ಮಾರ್ಗದಲ್ಲಿ ಕಳುಹಿಸುತ್ತೀರೋ ಅದನ್ನಷ್ಟೇ ನೋಟಿಸಿನ ಮೇಲೆ ಬರೆಯಿರಿ. ಅಂಚೆಯ ಜಾಲತಾಣದಲ್ಲಿ ಲಕೋಟೆಯ ಚಲನವಲನದ ವಿವರ ಸದಾಕಾಲ ಉಳಿಯುವುದಿಲ್ಲ, ಆದ್ದರಿಂದ ವಿತರಣೆಯಾದ ವಾರದೊಳಗೇ ಅದನ್ನು ಮುದ್ರಿಸಿ ರಸೀದಿಯ ಜೊತೆ ಇಟ್ಟುಕೊಳ್ಳಿ. ಖಾಸಗಿ ಕೊರಿಯರನ್ನು ಅಂಚೆಗೆ ಬದಲಾಗಿ ಬಳಸಬೇಡಿ.

ವಾಟ್ಸಾಪ್ ಸಂದೇಶಕ್ಕೆ ಬೆಲೆಯೇ ಇಲ್ಲವೆಂದಲ್ಲ. ನೀಲಿ ಗುರುತು ಅವರಿಗೆ ವಿಷಯ ತಿಳಿದಿತ್ತು ಎಂಬುದಕ್ಕೆ ಪೂರಕ ಸಾಕ್ಷ್ಯವಾಗಬಹುದು, ಅದನ್ನು ಹಾಜರುಪಡಿಸುವುದಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಆದರೆ 106ನೇ ಕಲಮು ಹೇಳಿದ ಮಾರ್ಗಗಳಲ್ಲಿ ಅದು ಇಲ್ಲ. ಕೋವಿಡ್ ಕಾಲದಲ್ಲಿ, 2020ರ ಜುಲೈಯಲ್ಲಿ, ಸುಪ್ರೀಂ ಕೋರ್ಟ್ ಇ–ಮೇಲ್ ಮತ್ತು ವಾಟ್ಸಾಪ್ ಮೂಲಕ ನೋಟಿಸು, ಸಮನ್ಸ್ ಕಳುಹಿಸಲು ಕೊಟ್ಟ ಅವಕಾಶ ಜನರ ನೆನಪಿನಲ್ಲಿ ಉಳಿದುಬಿಟ್ಟಿದೆ. ಅದು ಅಂಚೆ ಕಚೇರಿಗೆ ಹೋಗುವುದೇ ಕಷ್ಟವಾಗಿದ್ದ ದಿನಗಳ ವ್ಯವಸ್ಥೆ. ಸಹಿ ಮಾಡಿದ ನೋಟಿಸಿನ ಪಿಡಿಎಫ್ ಪ್ರತಿಯನ್ನು ಅಂಚೆಗೆ ಹಾಕಿದ ದಿನವೇ ವಾಟ್ಸಾಪ್‌ನಲ್ಲೂ ಕಳುಹಿಸಿ, ಆದರೆ ಅದನ್ನು ಹೆಚ್ಚುವರಿ ಎಂದಷ್ಟೇ ಎಣಿಸಿ. ಬಡಾವಣೆಯ ಅಥವಾ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಮಾತ್ರ ಅದನ್ನು ಹಾಕಲೇಬೇಡಿ. ಅದರಿಂದ ಜಾರಿಯೂ ಆಗುವುದಿಲ್ಲ, ಮಾನಹಾನಿಯ ದೂರಿಗೆ ದಾರಿಯಾಗುತ್ತದೆ. ಪೊಲೀಸ್ ಠಾಣೆಯ ಮೂಲಕ ಕೊಡಿಸುತ್ತೇನೆ ಎನ್ನುವವರೂ ಇದ್ದಾರೆ. ಸಿವಿಲ್ ಸ್ವರೂಪದ ನೋಟಿಸನ್ನು ತಲುಪಿಸುವುದು ಪೊಲೀಸರ ಕೆಲಸವಲ್ಲ.

ಇನ್ನು ಖುದ್ದು ವಿತರಣೆ. ಬಾಡಿಗೆದಾರರ ಪತ್ನಿ ಅವರ ಕುಟುಂಬದವರೇ. ಸಂಸಾರವೆಲ್ಲ ಅಲ್ಲೇ ಇರುವುದರಿಂದ, ಪತಿ ಉದ್ಯೋಗಕ್ಕಾಗಿ ಬೇರೆ ಊರಿನಲ್ಲಿದ್ದರೂ ಆ ಮನೆ ಅವರ ವಾಸಸ್ಥಳವೇ ಎಂದು ಗಟ್ಟಿಯಾಗಿ ವಾದಿಸಬಹುದು. ಕೈಗೆ ಕೊಡಲು ನೀವೊಬ್ಬರೇ ಹೋಗಬೇಡಿ. ಕಕ್ಷಿದಾರರ ಮಾತಿಗೆ ಎದುರು ಕಕ್ಷಿದಾರರ ಮಾತು ನಿಂತರೆ ಉಳಿಯುವುದು ಸೊನ್ನೆ. ನಿಮ್ಮ ವಕೀಲರ ಗುಮಾಸ್ತರೋ, ಮುಂದೆ ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಲು ಹಿಂಜರಿಯದ ಪರಿಚಿತರೋ ಹೋಗಲಿ. ಸಂಜೆ ಆರರಿಂದ ಎಂಟರ ನಡುವೆ, ಮನೆಯಲ್ಲಿ ಜನ ಇರುವ ಹೊತ್ತಿನಲ್ಲಿ ಹೋಗಲಿ. ನೋಟಿಸಿನ ಎರಡು ಪ್ರತಿಗಳಿರಬೇಕು. ಒಂದನ್ನು ಅವರ ಕೈಗೆ ಕೊಟ್ಟು, ಇನ್ನೊಂದರ ಕೊನೆಯಲ್ಲಿ ‘ಮೂಲ ಪ್ರತಿ ಪಡೆದಿದ್ದೇನೆ’ ಎಂಬುದರ ಕೆಳಗೆ ಅವರ ಹೆಸರು, ಬಾಡಿಗೆದಾರರೊಂದಿಗಿನ ಸಂಬಂಧ, ಸಹಿ, ದಿನಾಂಕ ಮತ್ತು ಸಮಯ ಬರೆಸಿಕೊಳ್ಳಬೇಕು. ‘ಪಡೆದ ಮಾತ್ರಕ್ಕೆ ಒಪ್ಪಿದಂತಲ್ಲ ಅಮ್ಮಾ, ಉತ್ತರವನ್ನು ನಿಮ್ಮ ವಕೀಲರಿಂದಲೇ ಕೊಡಿಸಬಹುದು’ ಎಂದು ಸಮಾಧಾನವಾಗಿ ಹೇಳಿದರೆ ಬಹಳ ಮಂದಿ ಸಹಿ ಹಾಕುತ್ತಾರೆ. ನೋಟಿಸು ಇಂಗ್ಲಿಷಿನಲ್ಲಿದ್ದು ಅವರಿಗೆ ಕನ್ನಡವಷ್ಟೇ ಗೊತ್ತಿದ್ದರೆ ಕನ್ನಡದ ಪ್ರತಿಯೊಂದನ್ನೂ ಲಗತ್ತಿಸಿ. ಕಾನೂನು ಹಾಗೆ ಕಡ್ಡಾಯಪಡಿಸಿಲ್ಲ, ಆದರೂ ‘ಏನೆಂದು ಅರ್ಥವಾಗದೆ ಸಹಿ ಹಾಕಿದೆ’ ಎಂಬ ಮಾತಿಗೆ ಅವಕಾಶವಿರಬಾರದು.

ಅವರು ಪಡೆಯಲು ನಿರಾಕರಿಸಿದರೆ, ಅಥವಾ ಬೇರೆ ಬೇರೆ ದಿನ ಹೋದರೂ ಬಾಗಿಲು ತೆರೆಯದಿದ್ದರೆ, ಆಗ ಅಂಟಿಸುವ ಘಟ್ಟ ಬರುತ್ತದೆ. ಮೊದಲನೆಯ ಮಹಡಿಯ ಮುಂಬಾಗಿಲೇ ಎದ್ದುಕಾಣುವ ಭಾಗ. ಕೆಳಗಿನ ಗೇಟಿನ ಮೇಲೋ ಮೆಟ್ಟಿಲ ಗೋಡೆಯ ಮೇಲೋ ಅಂಟಿಸಿದರೆ ಅದು ಬಾಡಿಗೆಗೆ ಕೊಟ್ಟ ಭಾಗದ ಮೇಲೆ ಆಗಲಿಲ್ಲ ಎಂಬ ಆಕ್ಷೇಪ ಬರುತ್ತದೆ. ಅಂಟಿಸಿದ ಮೇಲೆ ಬಾಗಿಲು, ಮನೆಯ ಸಂಖ್ಯೆಯ ಫಲಕ, ನೋಟಿಸು ಮೂರೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಚಿತ್ರ ತೆಗೆಯಿರಿ, ನೋಟಿಸಿನ ಅಕ್ಷರ ಓದಲು ಬರುವಂತೆ ಹತ್ತಿರದಿಂದ ಇನ್ನೊಂದು ತೆಗೆಯಿರಿ. ಬಳಿಕ ಅಲ್ಲಿಯೇ ಕುಳಿತು ಅರ್ಧ ಪುಟದ ಮಹಜರು ಬರೆದು, ಯಾವ ದಿನ ಯಾವ ಹೊತ್ತಿಗೆ ಹೋದೆವು, ಯಾರು ಬಾಗಿಲು ತೆರೆದರು, ಏನು ಹೇಳಿದರು, ಏಕೆ ಅಂಟಿಸಬೇಕಾಯಿತು ಎಂಬುದನ್ನು ನಮೂದಿಸಿ ಇಬ್ಬರು ಪಂಚರ ಸಹಿ ಪಡೆಯಿರಿ. ಕೆಳಗಿನ ಮನೆಯವರು ಒಪ್ಪಿದರೆ ಅವರೇ ಒಳ್ಳೆಯ ಸಾಕ್ಷಿಗಳು. ನೆರೆಯವರೊಂದಿಗೆ ಮನಸ್ತಾಪ ಬೇಡವೆಂದು ಅವರು ಹಿಂದೆ ಸರಿದರೆ ಬಲವಂತ ಮಾಡಬೇಡಿ. ನಾಳೆ ಪಾಟಿ ಸವಾಲಿನಲ್ಲಿ ಅವರು ‘ನನಗೇನೂ ನೆನಪಿಲ್ಲ’ ಎಂದರೆ ಇದ್ದ ಸಾಕ್ಷ್ಯವೂ ಕೆಡುತ್ತದೆ.

ನೋಟಿಸಿನ ಒಕ್ಕಣೆಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಅದನ್ನು ನಿಮ್ಮ ವಕೀಲರು ನೋಡಿಕೊಳ್ಳುತ್ತಾರೆ. ತಪ್ಪು ಹುಡುಕುವ ದೃಷ್ಟಿಯಿಂದ ಅದನ್ನು ಓದಬಾರದೆಂದು ಸುಪ್ರೀಂ ಕೋರ್ಟ್ 1977ರ ಭಗಬಂದಾಸ್ ಅಗರ್‌ವಾಲಾ ಪ್ರಕರಣದಲ್ಲೇ ಹೇಳಿದೆ. ಬಾಡಿಗೆಯನ್ನು ಕೊನೆಗೊಳಿಸಿದ್ದೇವೆ ಎಂಬ ಮಾತು ನೇರವಾಗಿರಲಿ. ‘ಬಾಡಿಗೆ ಹೆಚ್ಚಿಸಿ ಕೊಡಿ, ಇಲ್ಲವಾದರೆ ಖಾಲಿ ಮಾಡಿ’ ಎಂದು ಎರಡೂ ಕಡೆ ಕಾಲಿಡುವ ವಾಕ್ಯ ಬೇಡ. ಸ್ವತ್ತಿನ ಷೆಡ್ಯೂಲಿನಲ್ಲಿ ಚೆಕ್ಕುಬಂದಿ, ಮಹಡಿ, ಕೋಣೆಗಳ ವಿವರ ಇರಲಿ. ಸ್ವಾಧೀನ ಬಿಟ್ಟುಕೊಡುವ ದಿನ ಅಡ್ವಾನ್ಸ್ ಹಣವನ್ನು ನ್ಯಾಯವಾದ ಕಡಿತದ ನಂತರ ಹಿಂದಿರುಗಿಸಲು ಸಿದ್ಧವಿದ್ದೇವೆ ಎಂದೂ ಬರೆಯಿರಿ. ಮನೆ ದಂಪತಿಗಳಿಬ್ಬರ ಹೆಸರಿನಲ್ಲಿದ್ದರೆ ಇಬ್ಬರ ಪರವಾಗಿಯೂ ನೋಟಿಸು ಹೋಗಲಿ. ಬಾಡಿಗೆದಾರರ ಕಡೆ ಒಬ್ಬರಿಗಿಂತ ಹೆಚ್ಚು ಜಂಟಿ ಬಾಡಿಗೆದಾರರಿದ್ದಾಗ ಒಬ್ಬರಿಗೆ ಕೊಟ್ಟರೂ ಸಾಕೆಂದು 1963ರ ಕಾಂಜಿ ಮಾಂಜಿ ಪ್ರಕರಣದಿಂದಲೂ ಕಾನೂನು ಇದೆ. ನಿಮ್ಮಲ್ಲಿ ಕರಾರಿಗೆ ಸಹಿ ಮಾಡಿದವರು ಒಬ್ಬರೇ. ಆದರೂ ಪತ್ನಿಯವರ ಹೆಸರಿಗೂ ಒಂದು ಪ್ರತಿ ಹೋಗಲಿ ಎಂದೇ ಹೇಳುತ್ತೇನೆ.

ನೋಟಿಸು ಕೊಟ್ಟ ಮೇಲೆ ಖಾತೆಗೆ ಬರುವ ಬಾಡಿಗೆಯನ್ನು ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೆ ಮುಂದಿನ ತಿಂಗಳೇ ಆ ಪ್ರಶ್ನೆ ಬರುತ್ತದೆ. ನೋಟಿಸಿನ ನಂತರ ಬಾಡಿಗೆ ಪಡೆದರೆ ನೋಟಿಸನ್ನು ಬಿಟ್ಟುಕೊಟ್ಟಂತೆ ಎಂಬ ವಾದ 113ನೇ ಕಲಮಿನ ಮೇಲೆ ಹುಟ್ಟುತ್ತದೆ. ಬಾಡಿಗೆ ಸಂಬಂಧವನ್ನು ಮುಂದುವರಿಸುವ ಉದ್ದೇಶವಿಲ್ಲದೆ ಹಣ ಪಡೆದ ಮಾತ್ರಕ್ಕೆ ಹಾಗಾಗದು ಎಂದು 2006ರ ಸರೂಪ್ ಸಿಂಗ್ ಗುಪ್ತಾ ಪ್ರಕರಣದಲ್ಲಿ ತೀರ್ಪಾಗಿದೆ. ‘ನಿಮ್ಮಿಂದ ಬಂದ ಹಣವನ್ನು ಮನೆ ಬಳಸಿದ್ದಕ್ಕೆ ನಷ್ಟಪರಿಹಾರವೆಂದು, ನಮ್ಮ ಹಕ್ಕುಗಳಿಗೆ ಬಾಧೆಯಿಲ್ಲದಂತೆ ಜಮಾ ಮಾಡಿಕೊಂಡಿದ್ದೇವೆ’ ಎಂದು ಪ್ರತಿ ಬಾರಿ ಒಂದು ಸಾಲು ಬರೆದು ಕಳುಹಿಸಿದರೆ ಸಾಕು.

ಇಷ್ಟಾದ ಮೇಲೂ ಮನೆ ಖಾಲಿಯಾಗದಿದ್ದರೆ ದಾವೆ. ಬೆಂಗಳೂರಿನಲ್ಲಿ ಅದು ಲಘು ವ್ಯವಹಾರಗಳ ನ್ಯಾಯಾಲಯದ ಮುಂದೆ ಹೋಗುತ್ತದೆ. ದಾವೆ ಹೂಡಿದ್ದೇ ಖಾಲಿ ಮಾಡಿಸುವ ನೋಟಿಸಿಗೆ ಸಮ ಎಂದು 2008ರ ನೋಪನಿ ಇನ್ವೆಸ್ಟ್‌ಮೆಂಟ್ಸ್ ತೀರ್ಪಿನಲ್ಲಿರುವ ಮಾತನ್ನು ಕೆಲವರು ಅಡ್ಡದಾರಿಯಾಗಿ ಎತ್ತಿಕೊಳ್ಳುತ್ತಾರೆ; ಅದನ್ನು ಮುಳುಗುವಾಗ ಹಿಡಿಯಲೆಂದು ಇಟ್ಟುಕೊಳ್ಳಬೇಕೇ ಹೊರತು ಅದರ ಭರವಸೆಯ ಮೇಲೆ ನೀರಿಗೆ ಇಳಿಯಬಾರದು.

ದಾವೆಯ ಹಂತದಲ್ಲಿ ಜಾರಿಯ ನಿಯಮಗಳೇ ಬೇರೆ, ಇದನ್ನು ಗಮನಿಸದೆ ಗೆದ್ದ ಮೊಕದ್ದಮೆಯನ್ನು ಕಳೆದುಕೊಂಡವರಿದ್ದಾರೆ. ಸಮನ್ಸ್ ಜಾರಿಗೆ ಅನ್ವಯಿಸುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶ. ಅದರ 15ನೇ ನಿಯಮದಂತೆ ಪ್ರತಿವಾದಿ ಮನೆಯಲ್ಲಿಲ್ಲದೆ, ಸಮಂಜಸವಾದ ಕಾಲದೊಳಗೆ ಅವರು ಅಲ್ಲಿ ಸಿಗುವ ಸಂಭವವೂ ಇಲ್ಲದಿದ್ದರೆ, ಅವರೊಂದಿಗೆ ವಾಸಿಸುವ ಕುಟುಂಬದ ವಯಸ್ಕ ಸದಸ್ಯರಿಗೆ, ಗಂಡಾಗಲಿ ಹೆಣ್ಣಾಗಲಿ, ಸಮನ್ಸ್ ಕೊಡಬಹುದು. 106ನೇ ಕಲಮಿನ ನೋಟಿಸನ್ನು ಮನೆಗೆಲಸದವರಿಗೆ ಕೊಟ್ಟರೆ ನಡೆಯುತ್ತದೆ. ಸಮನ್ಸ್ ನಡೆಯುವುದಿಲ್ಲ, ಸೇವಕರು ಕುಟುಂಬದ ಸದಸ್ಯರಲ್ಲ ಎಂದು ಆ ನಿಯಮದ ವಿವರಣೆಯೇ ಹೇಳುತ್ತದೆ. ‘ಅವರೊಂದಿಗೆ ವಾಸಿಸುವ’ ಎಂಬ ಮಾತು ನಿಮ್ಮ ಪ್ರಕರಣದಲ್ಲಿ ತೊಡಕಾದೀತು, ಏಕೆಂದರೆ ಪ್ರತಿವಾದಿ ಇರುವುದು ಪುಣೆಯಲ್ಲಿ. ಅವರ ಪುಣೆಯ ವಿಳಾಸವನ್ನು ದಾವಾಪತ್ರದಲ್ಲೇ ಕೊಟ್ಟು, 21ನೇ ನಿಯಮದಂತೆ ಅಲ್ಲಿನ ನ್ಯಾಯಾಲಯದ ಮೂಲಕವೂ, 9ನೇ ನಿಯಮದಂತೆ ಅಂಚೆಯಲ್ಲೂ ಸಮನ್ಸ್ ಹೋಗುವಂತೆ ಪ್ರೊಸೆಸ್ ಫೀ (ಸಮನ್ಸ್ ಜಾರಿಯ ಶುಲ್ಕ) ಕಟ್ಟಿ. ಮನೆಯಲ್ಲಿ ವಾಸವಿರುವ ಪತ್ನಿಯವರನ್ನೂ ಪ್ರತಿವಾದಿಯಾಗಿ ಸೇರಿಸಬೇಕೇ ಎಂಬುದನ್ನು ನಿಮ್ಮ ವಕೀಲರೊಂದಿಗೆ ಚರ್ಚಿಸಿ. ಸೇರಿಸಿದರೆ ಡಿಕ್ರಿ ಅಮಲಿಗೆ ಹೋದಾಗ ಬಾಗಿಲಲ್ಲಿ ಬರುವ ತಕರಾರು ಕಡಿಮೆಯಾಗುತ್ತದೆ.

ನ್ಯಾಯಾಲಯದ ಅಮೀನರು ಸಮನ್ಸ್ ಅಂಟಿಸಬೇಕಾದರೆ 17ನೇ ನಿಯಮದಂತೆ ಯಾವ ಸನ್ನಿವೇಶದಲ್ಲಿ ಅಂಟಿಸಿದರು, ಮನೆ ತೋರಿಸಿದವರು ಯಾರು, ಯಾರ ಎದುರಿನಲ್ಲಿ ಅಂಟಿಸಿದರು ಎಂಬುದನ್ನು ವರದಿಯಲ್ಲಿ ಬರೆಯಬೇಕು. ‘ಮನೆ ಬೀಗ, ಅಂಟಿಸಿದೆ’ ಎಂಬ ಒಂದೇ ಸಾಲಿನ ವರದಿ ನಿಮ್ಮ ಪರವಾಗಿ ಬಂದಿದೆ ಎಂದು ಸಂತೋಷಪಡಬೇಡಿ. ಅದರ ಮೇಲೆ ಬಂದ ಏಕಪಕ್ಷೀಯ ಡಿಕ್ರಿಯನ್ನು 9ನೇ ಆದೇಶದ 13ನೇ ನಿಯಮದಡಿ ರದ್ದುಪಡಿಸಿಕೊಳ್ಳಲು ಪ್ರತಿವಾದಿಗೆ 30 ದಿನಗಳ ಅವಕಾಶವಿದೆ. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲದಿದ್ದರೆ ಆ 30 ದಿನಗಳ ಎಣಿಕೆ ಡಿಕ್ರಿಯ ದಿನದಿಂದಲ್ಲ, ಅವರಿಗೆ ಡಿಕ್ರಿಯ ಸಂಗತಿ ತಿಳಿದ ದಿನದಿಂದ ಶುರುವಾಗುತ್ತದೆ. ಎಷ್ಟೋ ತಿಂಗಳ ಬಳಿಕ, ಅಮೀನರು ಸ್ವಾಧೀನಕ್ಕೆ ಬಂದು ನಿಂತಾಗ, ‘ನನಗೆ ಇವತ್ತೇ ತಿಳಿಯಿತು’ ಎಂಬ ಅರ್ಜಿ ಬರುವುದು ಹೀಗೆ. ಜಾರಿಯಲ್ಲಿ ಸಣ್ಣ ಕ್ರಮದೋಷವಿದ್ದರೂ ವಿಚಾರಣೆಯ ದಿನಾಂಕ ಪ್ರತಿವಾದಿಗೆ ಗೊತ್ತಿತ್ತು, ಹಾಜರಾಗಲು ಕಾಲಾವಕಾಶವೂ ಇತ್ತು ಎಂದು ತೋರಿಸಿದರೆ ಡಿಕ್ರಿ ಉಳಿಯುತ್ತದೆ ನಿಜ. ಅದನ್ನು ತೋರಿಸಲು ನಿಮ್ಮ ಬಳಿ ಆಧಾರವಿರಬೇಕು, ಅಷ್ಟೇ. ಪತ್ರಿಕಾ ಪ್ರಕಟಣೆಯ ಮೂಲಕ ಜಾರಿಗೆ 20ನೇ ನಿಯಮದಲ್ಲಿ ಅವಕಾಶವಿದ್ದರೂ, ಅದು ಪ್ರತಿವಾದಿ ತಪ್ಪಿಸಿಕೊಳ್ಳುತ್ತಿದ್ದಾರೆ ಅಥವಾ ಬೇರಾವ ಮಾರ್ಗವೂ ಫಲಿಸುತ್ತಿಲ್ಲ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದ ಮೇಲಿನ ಕ್ರಮ. ಪುಣೆಯ ವಿಳಾಸ ಗೊತ್ತಿರುವವರು ಅದನ್ನು ಮುಚ್ಚಿಟ್ಟು ಬೆಂಗಳೂರಿನ ಪತ್ರಿಕೆಯಲ್ಲಿ ಪ್ರಕಟಿಸುವುದು ಅಪ್ರಾಮಾಣಿಕತೆಯಾಗುತ್ತದೆ.

ಇದನ್ನು ಓದುತ್ತಿರುವ ಬಾಡಿಗೆದಾರರಿಗೂ ಒಂದು ಮಾತು ಹೇಳಬೇಕು. ಅಂಚೆಯವರು ಬಂದಾಗ ಬಾಗಿಲು ಹಾಕಿಕೊಳ್ಳುವುದರಿಂದ ಕಾನೂನಿನಲ್ಲಿ ಯಾವ ರಕ್ಷಣೆಯೂ ಸಿಗುವುದಿಲ್ಲ, ಒಳಗೆ ಏನಿದೆ ಎಂದು ತಿಳಿಯುವ ಅವಕಾಶವೊಂದು ಕೈತಪ್ಪುತ್ತದೆ, ಅಷ್ಟೇ. ಪಡೆದುಕೊಂಡು, ಅಡ್ವಾನ್ಸ್ ಎಷ್ಟು ಬರಬೇಕು, ಎಷ್ಟು ಕಾಲಾವಕಾಶ ಬೇಕು ಎಂಬುದನ್ನು ಉತ್ತರದಲ್ಲಿ ಬರೆದರೆ ಬಹಳ ಪ್ರಕರಣಗಳು ಅಲ್ಲಿಗೇ ಇತ್ಯರ್ಥವಾಗುತ್ತವೆ. ನೋಟಿಸಿನಲ್ಲಿ ನಿಜವಾದ ದೋಷವಿದ್ದರೆ ಅದನ್ನು ದಾವೆಗೆ ಉತ್ತರವಾಗಿ ಸಲ್ಲಿಸುವ ಲಿಖಿತ ಹೇಳಿಕೆಯಲ್ಲೇ ನಿರ್ದಿಷ್ಟವಾಗಿ ಎತ್ತಬೇಕು. ಆಗ ಎತ್ತದಿದ್ದರೆ ಬಿಟ್ಟುಕೊಟ್ಟಂತೆ ಎಂದು 2003ರ ಪಾರ್ವತಿ ಬಾಯಿ ಪ್ರಕರಣದಲ್ಲಿ ಹೇಳಲಾಗಿದೆ. ನೋಟಿಸಿನ ಅವಧಿ ಮುಗಿಯಿತೆಂದು ಮಾಲೀಕರು ಬೀಗ ಬದಲಿಸುವುದು, ನೀರು, ವಿದ್ಯುತ್ ಕಡಿತಗೊಳಿಸುವುದು ಕಾನೂನಿಗೆ ಒಪ್ಪುವುದಿಲ್ಲ. ಹಾಗೆ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು.

ಕೊನೆಯದಾಗಿ ನಿಮ್ಮ ದಿನಾಂಕಗಳ ಲೆಕ್ಕ. ಹೊಸ ನೋಟಿಸಿನ ಪ್ರತಿಯನ್ನು ಪತ್ನಿಯವರು 3ನೇ ತಾರೀಖು ಪಡೆದು ಸಹಿ ಹಾಕಿದರು, ಪುಣೆಯಲ್ಲಿ ಲಕೋಟೆ 7ನೇ ತಾರೀಖು ವಿತರಣೆಯಾಯಿತು ಎಂದಿಟ್ಟುಕೊಳ್ಳೋಣ. ನಂತರದ ದಿನಾಂಕವನ್ನೇ ಹಿಡಿಯಿರಿ. 7ನ್ನು ಬಿಟ್ಟು 8ರಿಂದ ಎಣಿಸಿದರೆ 15 ದಿನಗಳು 22ಕ್ಕೆ ಮುಗಿಯುತ್ತವೆ, 23ರಿಂದ ದಾವೆ ಹೂಡಬಹುದು. ಕರಾರಿನಲ್ಲಿ ಎರಡು ತಿಂಗಳ ಷರತ್ತಿದ್ದರೆ ಅದರಂತೆ ಮುಂದಕ್ಕೆ ಹಾಕಿ. ಪುಣೆಯ ವಿತರಣೆಯ ಪುರಾವೆ ಅಷ್ಟರಲ್ಲಿ ಕೈಸೇರದಿದ್ದರೆ, ಕಳುಹಿಸಿದ ಅಂಚೆ ಕಚೇರಿಗೆ ರಸೀದಿಯ ಪ್ರತಿ ಲಗತ್ತಿಸಿ ದೂರು ಅರ್ಜಿ ಕೊಡಿ, ಲಕೋಟೆ ಯಾವ ದಿನ ಯಾರಿಗೆ ವಿತರಣೆಯಾಯಿತು ಎಂದು ಅವರಿಂದ ಲಿಖಿತವಾಗಿ ಉತ್ತರ ಪಡೆದು ದಾವಾಪತ್ರದ ದಾಖಲೆಗಳ ಜೊತೆ ಸೇರಿಸಿ.